ಅದೇ ಬ್ಲಾಕ್, ಅದೇ ಬೋರ್, 500 ಅಶ್ವಶಕ್ತಿ ಹೆಚ್ಚು: ಆಲ್ಕೋ ಲೋಕೋಗಳ ಪುನರ್ನಿರ್ಮಾಣ

ಎಲ್ಲರಿಗೂ ನಮಸ್ಕಾರ.

ಡಬ್ಲ್ಯೂಡಿಎಂ-2 ಎಂಬ ಡೀಸೆಲ್ ಲೋಕೋ (ರೈಲು ಎಳೆಯುವ ಎಂಜಿನ್ ಗಾಡಿ) ಎಳೆದ ರೈಲಿನಲ್ಲಿ ಇಲ್ಲಿರುವ ಹಿರಿಯರೆಲ್ಲ ಓಡಾಡಿರುತ್ತೀರಿ. 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಮೊದಲ ಕಂತು ಬಂತು. 1964ರಿಂದ ವಾರಾಣಸಿಯಲ್ಲೇ ತಯಾರಾಗತೊಡಗಿದವು. 16 ಸಿಲಿಂಡರಿನ 251ಬಿ ಎಂಜಿನ್, 2600 ಅಶ್ವಶಕ್ತಿ, 112.8 ಟನ್ ತೂಕ. ಬೆಂಗಳೂರಿನ ಕೃಷ್ಣರಾಜಪುರ ಶೆಡ್ಡಿನಲ್ಲೂ ಬಹುಕಾಲ ಆಲ್ಕೋಗಳದ್ದೇ ಕಾರುಬಾರು. ಲೋಕೋದ ಆಯುಸ್ಸು 36 ವರ್ಷ ಎಂದು ಲೆಕ್ಕ. ಅರ್ಧ ಆಯುಸ್ಸಿಗೆ, ಅಂದರೆ ಸುಮಾರು 18 ವರ್ಷಕ್ಕೆ, ಪಟಿಯಾಲದ ಕಾರ್ಖಾನೆಗೆ ಕಳಿಸಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದು ಪದ್ಧತಿಯಾಗಿತ್ತು. ಹಾಗೆ ಒಳಗೆ ಹೋದ ಎಷ್ಟೋ ಡಬ್ಲ್ಯೂಡಿಎಂ-2ಗಳು 3100 ಅಶ್ವಶಕ್ತಿಯ ಡಬ್ಲ್ಯೂಡಿಎಂ-3ಎ ಆಗಿ ಹೊರಬಂದವು.

ಸಿಲಿಂಡರಿನ ಬೋರ್ (ಒಳವ್ಯಾಸ) ಅದೇ 9 ಅಂಗುಲ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಅದೇ ಹತ್ತೂವರೆ ಅಂಗುಲ. ಹಾಗಿದ್ದರೆ ಹೆಚ್ಚಿನ 500 ಅಶ್ವಶಕ್ತಿ ಎಲ್ಲಿಂದ ಬಂತು?

ಡೀಸೆಲ್ ಹೆಚ್ಚು ಸುರಿದರೆ ಶಕ್ತಿ ಬಂದೀತು, ಜೊತೆಗೆ ಕಪ್ಪು ಹೊಗೆಯೂ ಬಂದೀತು. ಮೊದಲು ಬೇಕಾದದ್ದು ಗಾಳಿ. ಹಳೆಯ ಟರ್ಬೋ (ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಯಂತ್ರ) ತೆಗೆದು ಹೆಚ್ಚು ದಕ್ಷತೆಯ ಟರ್ಬೋ ಕೂರಿಸುತ್ತಾರೆ. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಅದನ್ನು ತಣಿಸಿ ಮತ್ತೆ ದಟ್ಟವಾಗಿಸಲು ದೊಡ್ಡ ಆಫ್ಟರ್‌ಕೂಲರ್ ಬೇಕು. ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ) ಕೂಡ ಬದಲು: ಒಳಬರುವ ವಾಲ್ವೂ ಹೊರಹೋಗುವ ವಾಲ್ವೂ ಒಟ್ಟಿಗೆ ತೆರೆದಿರುವ ಅವಧಿ ಎಂಜಿನ್ನಿನ ಮುಖ್ಯ ಶಾಫ್ಟ್ (ಕ್ರ್ಯಾಂಕ್‌ಶಾಫ್ಟ್) ತಿರುಗುವ ಲೆಕ್ಕದಲ್ಲಿ 123 ಡಿಗ್ರಿಯಿಂದ 140ಕ್ಕೆ ಏರುತ್ತದೆ. ಆ ಹೊತ್ತಿನಲ್ಲಿ ತಣ್ಣನೆ ಗಾಳಿ ಸಿಲಿಂಡರನ್ನು ಗುಡಿಸಿಕೊಂಡು ಹೋಗುವುದರಿಂದ ಎಕ್ಸಾಸ್ಟ್ ವಾಲ್ವ್ ಸುಡುವುದು ತಪ್ಪುತ್ತದೆ.

ಇಂಧನದ ಸರದಿ ಆಮೇಲೆ. ಪಂಪಿನಲ್ಲಿ ಡೀಸೆಲ್ ಒತ್ತುವ ಪ್ಲಂಜರ್ 15 ಮಿ.ಮೀ. ದಪ್ಪ ಇದ್ದದ್ದು 17 ಆಗುತ್ತದೆ. ಎರಡೇ ಮಿ.ಮೀ. ಅನ್ನಿಸಬಹುದು, ಆದರೆ ವಿಸ್ತೀರ್ಣ ಶೇ 28ರಷ್ಟು ಹೆಚ್ಚುತ್ತದೆ. ಅಷ್ಟೇ ಡೀಸೆಲ್ ಕಡಿಮೆ ಸಮಯದಲ್ಲಿ ಸಿಲಿಂಡರಿಗೆ ಇಳಿದು, ಪಿಸ್ಟನ್ ಮೇಲ್ತುದಿಯಲ್ಲಿ ಇರುವಾಗಲೇ ಉರಿದು ಮುಗಿಯುತ್ತದೆ. ಇಂಧನ ಉಳಿತಾಯದ ಗುಟ್ಟು ಇಲ್ಲಿದೆ. ಒತ್ತಡ, ಉಷ್ಣತೆ ಏರುವುದರಿಂದ ಪಿಸ್ಟನ್ನಿಗೆ ಉಕ್ಕಿನ ತಲೆ, ಕೆಳಗೆ ಅಲ್ಯೂಮಿನಿಯಂ ಮೈ. ಈ ಭಾಗಗಳು ಒಂದು ಕಿಟ್ ಇದ್ದ ಹಾಗೆ. ಬಜೆಟ್ ಸಾಲದೆ ಪಂಪು ಮಾತ್ರ ಬದಲಿಸಿ ಆಫ್ಟರ್‌ಕೂಲರ್ ಹಳೆಯದೇ ಬಿಟ್ಟರೆ, ಪಿಸ್ಟನ್ ತಲೆ ಮತ್ತು ಟರ್ಬೈನ್ ಬ್ಲೇಡುಗಳು ಅದರ ಬೆಲೆ ತೆರುತ್ತವೆ.

ಇನ್ನು ಬ್ಲಾಕು, ಅಂದರೆ ಸಿಲಿಂಡರುಗಳು ಕೂರುವ ಎಂಜಿನ್ನಿನ ಒಡಲು. ನನ್ನ ಪ್ರಕಾರ ಪುನರ್ನಿರ್ಮಾಣದ ಹಣೆಬರಹ ನಿರ್ಧಾರವಾಗುವುದು ಜೋಡಣೆಯಲ್ಲಲ್ಲ, ತೊಳೆದು ಅಳೆಯುವ ಹಂತದಲ್ಲಿ. ಆಲ್ಕೋ ಬ್ಲಾಕು ಎರಕದ್ದಲ್ಲ, ಉಕ್ಕಿನ ತಗಡುಗಳನ್ನು ಬೆಸುಗೆ ಹಾಕಿ ಕಟ್ಟಿದ್ದು. ಹಾಗಾಗಿ ರಿಪೇರಿ ಸಾಧ್ಯ, ಬಿರುಕೂ ಸಾಧ್ಯ. ಜಿಡ್ಡು ಒಂದಿಷ್ಟೂ ಉಳಿಯದಂತೆ ತೊಳೆಯದಿದ್ದರೆ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಸಿಕ್ಕ ಬಿರುಕನ್ನು ಕೆತ್ತಿ ತೆಗೆದು, ಬೆಸೆದು, ಕುಲುಮೆಯಲ್ಲಿ ಕಾಯಿಸಿ ಒಳಗಿನ ಒತ್ತಡ ಇಳಿಸಬೇಕು. ಬೆಸುಗೆಯ ಬಿಸಿಗೆ ಬ್ಲಾಕು ಅಷ್ಟಿಷ್ಟು ಸೊಟ್ಟಗಾಗಿರುತ್ತದೆ, ಆದ್ದರಿಂದ ಕ್ರ್ಯಾಂಕ್‌ಶಾಫ್ಟನ್ನು ಹೊರುವ ಮೇನ್ ಬೇರಿಂಗ್ ಕೂರುವ ಒಂಬತ್ತು ಜಾಗಗಳನ್ನೂ ಒಂದೇ ಗೆರೆಗೆ ಬೋರ್ ಮಾಡಬೇಕು. ಇದರಲ್ಲಿ ಚೌಕಾಸಿ ಮಾಡಿದರೆ ಹೊಸ ಬೇರಿಂಗೂ ಉಳಿಯದು.

ಸಿಲಿಂಡರಿನ ಒಳಗೋಡೆಯಾದ ಲೈನರಿನ ಕೆಳಗಿನ ರಬ್ಬರ್ ಸೀಲ್ ಚಿಕ್ಕ ವಸ್ತು, ದೊಡ್ಡ ತಲೆನೋವು. ಕೂರಿಸುವಾಗ ಹೊರಳಿದರೆ ಅಥವಾ ತುಕ್ಕಿನ ಅಂಚಿಗೆ ತಾಗಿ ಕತ್ತರಿಸಿದರೆ ನೀರು ನೇರ ತಳದ ಎಣ್ಣೆ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಎಣ್ಣೆಯಲ್ಲಿ ಯಾವ ಧಾತುಗಳಿವೆ ಎಂದು ತೋರಿಸುವ ಸ್ಪೆಕ್ಟ್ರೋ ಪರೀಕ್ಷೆಯಲ್ಲಿ ಬೋರಾನ್ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕೂಲಿಂಗ್ ನೀರನ್ನೇ, ಏಕೆಂದರೆ ಅದಕ್ಕೆ ಬೋರೇಟ್ ಬೆರೆಸಿರುತ್ತಾರೆ. ಎಣ್ಣೆ ತೆಳ್ಳಗಾಗುತ್ತಿದ್ದರೆ ಡೀಸೆಲ್ ಸೋರುತ್ತಿದೆ ಎಂದು ತಿಳಿಯಿರಿ. ಎರಡೂ ಕೊನೆಗೆ ಬೇರಿಂಗನ್ನೇ ತಿನ್ನುತ್ತವೆ.

ವಿದ್ಯುತ್ ಭಾಗದಲ್ಲಿ ದೊಡ್ಡ ಬದಲಾವಣೆ ಡಿಸಿ ಜನರೇಟರ್ ಹೋಗಿ ಎಸಿ ಕೊಡುವ ಆಲ್ಟರ್ನೇಟರ್ ಮತ್ತು ಅದನ್ನು ಡಿಸಿ ಮಾಡುವ ಡಯೋಡ್ ರೆಕ್ಟಿಫೈಯರ್ ಬಂದದ್ದು. ಜನರೇಟರಿನ ಕಮ್ಯುಟೇಟರ್, ಬ್ರಷ್, ಕಾರ್ಬನ್ ಧೂಳು, ಫ್ಲ್ಯಾಶ್‌ಓವರ್ (ಕಿಡಿ ಹಾರಿ ಸುಡುವುದು) ಎಲ್ಲದರಿಂದ ಬಿಡುಗಡೆ. ಚಕ್ರ ತಿರುಗಿಸುವ ಮೋಟರುಗಳು ಮಾತ್ರ ಡಿಸಿಯೇ, ಅಲ್ಲಿ ಆ ಕೆಲಸ ಉಳಿದಿದೆ. ಆಲ್ಟರ್ನೇಟರಿಗೆ ಬೇರಿಂಗ್ ಒಂದೇ. ರೋಟರಿನ ಇನ್ನೊಂದು ತುದಿಯ ಭಾರ ಕ್ರ್ಯಾಂಕ್‌ಶಾಫ್ಟಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಜೋಡಿಸಿದ ಮೇಲೆ ಕ್ರ್ಯಾಂಕ್ ವೆಬ್‌ಗಳ (ಶಾಫ್ಟಿನ ತೋಳುಗಳ) ನಡುವೆ ಗೇಜ್ ಇಟ್ಟು, ಶಾಫ್ಟ್ ತಿರುಗಿಸುತ್ತಾ ಡಿಫ್ಲೆಕ್ಷನ್ (ಬಾಗು) ನೋಡಲೇಬೇಕು, ವಿಶೇಷವಾಗಿ ಆಲ್ಟರ್ನೇಟರ್ ಕಡೆಯ ಕೊನೆಯ ಕ್ರ್ಯಾಂಕಿನಲ್ಲಿ. ಮಿತಿ ಮೀರಿದ್ದರೆ ಆಲ್ಟರ್ನೇಟರಿನ ಕಾಲುಗಳಡಿಯ ಶಿಮ್ (ತೆಳು ತಗಡು) ಹೊಂದಿಸಿ ಮತ್ತೆ ಅಳೆಯಬೇಕು. ಅಳೆಯದೆ ಬಿಟ್ಟರೆ ಪ್ರತಿ ಸುತ್ತಿಗೂ ಶಾಫ್ಟ್ ಬಾಗಿ ಬಾಗಿ ಒಂದು ದಿನ ಮುರಿಯುತ್ತದೆ.

ಬೋಗಿಯಲ್ಲಿ, ಅಂದರೆ ಲೋಕೋದಡಿಯ ಚಕ್ರಗಳ ಚೌಕಟ್ಟಿನಲ್ಲಿ, ಮೋಟರು ಅಚ್ಚಿನ ಮೇಲೆ ಕೂರುವ ಕಡೆಯ ಬಿಳಿಲೋಹದ ಸಸ್ಪೆನ್ಷನ್ ಬೇರಿಂಗ್ ಹೋಗಿ ರೋಲರ್ ಬೇರಿಂಗ್ ಬರುತ್ತದೆ. ಹಳೆಯದರಲ್ಲಿ ಎಣ್ಣೆ ಹೀರುವ ಬತ್ತಿ ಜಾಗ ಬಿಟ್ಟರೆ ಸಾಕು, ಬಿಳಿಲೋಹ ಕರಗಿ ಅಚ್ಚಿಗೆ ಗೀರು ಬೀಳುತ್ತಿತ್ತು. ಚಕ್ರಗಳದ್ದು ಹೆಚ್ಚು ಮಾತು ಬೇಡ: ಹೊಸದು 1092 ಮಿ.ಮೀ., 1016ಕ್ಕೆ ಇಳಿದರೆ ಗುಜರಿ.

3100 ಆದಮೇಲೆ ಹೆಚ್ಚು ಭಾರ ಎತ್ತಿಕೊಂಡು ಹೊರಡುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಹೊರಡುವಾಗಿನ ಎಳೆತವನ್ನು ನಿರ್ಧರಿಸುವುದು ಚಕ್ರದ ಮೇಲಿನ ತೂಕ ಮತ್ತು ಹಳಿಯ ಹಿಡಿತ. 112.8 ಟನ್ನಿಗೆ ಶೇ 27ರಂತೆ ಸುಮಾರು 30 ಟನ್, ಅಷ್ಟೇ. ಲಾಭ ಕಾಣುವುದು ವೇಗ ಹಿಡಿದ ಮೇಲೆ. 60 ಕಿ.ಮೀ. ವೇಗದಲ್ಲಿ, ಪ್ರಸರಣದ ನಷ್ಟ ಕಳೆದರೂ, ಸುಮಾರು ಎರಡು ಟನ್ ಹೆಚ್ಚುವರಿ ಎಳೆತ ಸಿಗುತ್ತದೆ. ಘಾಟಿಯ ಬುಡದಲ್ಲಿ ನಿಂತ ಗಾಡಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಇದಕ್ಕಿಂತ ಮುಂದೆ ಹೋದ ಪ್ರಯೋಗವೂ ಆಗಿದೆ. ವಾರಾಣಸಿಯಲ್ಲಿ ಎರಡು ಹಳೆಯ ಡಬ್ಲ್ಯೂಡಿಜಿ-3ಎ (ಸರಕು ರೈಲಿನ ಆಲ್ಕೋ) ಲೋಕೋಗಳ ಡೀಸೆಲ್ ಎಂಜಿನ್ ತೆಗೆದು, 69 ದಿನಗಳಲ್ಲಿ 10,000 ಅಶ್ವಶಕ್ತಿಯ ಜೋಡಿ ವಿದ್ಯುತ್ ಲೋಕೋ ಮಾಡಿದರು. 2019ರ ಫೆಬ್ರುವರಿಯಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ಸಾಧನೆ ಸರಿಯೇ. ಆದರೆ ಹಳೆಯ ಚೌಕಟ್ಟಿನ ಉಳಿದ ಆಯುಸ್ಸನ್ನು ಲೆಕ್ಕಕ್ಕೆ ಹಿಡಿಯದೆ ಇಂಥ ಕೆಲಸದ ಖರ್ಚನ್ನು ತೂಗಲಾಗದು.

ಕಡೆಗೆ ಲೋಡ್ ಬಾಕ್ಸ್ ಪರೀಕ್ಷೆ. ಹಳಿಗೆ ಬಿಡುವ ಮೊದಲು ಆಲ್ಟರ್ನೇಟರಿನ ವಿದ್ಯುತ್ತನ್ನು ರೆಸಿಸ್ಟರುಗಳಿಗೆ ಹರಿಸಿ, ಎಂಜಿನ್ ಶಕ್ತಿಯನ್ನು ನಾಚ್ ನಾಚ್ (ಹಂತ ಹಂತ) ಏರಿಸುತ್ತಾ ವೋಲ್ಟು, ಆಂಪಿಯರ್ ಬರೆದುಕೊಳ್ಳುತ್ತಾರೆ. ಗುಣಿಸಿ ಅಶ್ವಶಕ್ತಿಗೆ ತಂದಾಗ 3100 ಬರಲಿಲ್ಲವೆಂದು ಗಾಬರಿ ಬೇಡ. ರೇಡಿಯೇಟರ್ ಫ್ಯಾನ್, ಬ್ಲೋಯರ್, ಕಂಪ್ರೆಸರುಗಳ ಪಾಲೂ ಆಲ್ಟರ್ನೇಟರಿನ ನಷ್ಟವೂ ಆ 3100ರಲ್ಲೇ ಸೇರಿವೆ. ನೀರು 90 ಡಿಗ್ರಿ ಮುಟ್ಟಿ ಎಚ್ಚರಿಕೆ ಗಂಟೆ ಹೊಡೆಯಿತೋ, ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಹದಿನಾರೂ ಸಿಲಿಂಡರಿನ ಎಕ್ಸಾಸ್ಟ್ ಉಷ್ಣತೆಯನ್ನು ಬೇರೆ ಬೇರೆ ಓದಿ. ಒಂದೇ ಸಿಲಿಂಡರ್ ಹೆಚ್ಚು ಬಿಸಿ ಇದ್ದರೆ ಅದರ ಇಂಜೆಕ್ಟರ್, ಪಂಪಿನ ರ‍್ಯಾಕ್ (ಡೀಸೆಲ್ ಪ್ರಮಾಣ ಹೊಂದಿಸುವ ಸರಳು) ಮತ್ತು ಟೈಮಿಂಗ್ ನೋಡಿ. ಹದಿನಾರೂ ಒಟ್ಟಿಗೆ ಏರಿದ್ದರೆ ಇಂಜೆಕ್ಟರುಗಳನ್ನು ಮುಟ್ಟಲೇಬೇಡಿ. ಟರ್ಬೋ ಕೊಡುವ ಬೂಸ್ಟ್ ಗಾಳಿಯ ಒತ್ತಡ ನೋಡಿ, ಏರ್ ಫಿಲ್ಟರ್, ಆಫ್ಟರ್‌ಕೂಲರ್, ಟರ್ಬೋ ಈ ಕ್ರಮದಲ್ಲಿ ಹುಡುಕಿ.