ಗಾರ್ಮೆಂಟ್ಸ್ ಲೈನಿನ ಟೆನ್ಷನ್ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ.

ಪೀಣ್ಯದ ಹತ್ತಿರ ಒಂದು ಸಣ್ಣ ಬಾಡಿಗೆ ಮನೆ. ಭಾನುವಾರ ಬೆಳಿಗ್ಗೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಒಬ್ಬ ಟೈಲರ್ ಅಕ್ಕನ ಎದುರು ಪ್ರಶ್ನೆಗಳ ಹಾಳೆ ಹಿಡಿದು ಕೂತಿದ್ದೆ. 'ಹೋದ ತಿಂಗಳು ಎಷ್ಟು ಸಲ ಒತ್ತಡ ಅನ್ನಿಸ್ತು?' ಅಂದೆ. 'ಇಲ್ಲಮ್ಮ, ನಂಗೆ ಬಿಪಿ ಗಿಪಿ ಏನೂ ಇಲ್ಲ' ಅಂದರು. 'ಅದಲ್ಲ ಅಕ್ಕ, ಟೆನ್ಷನ್' ಅಂದ ಕೂಡಲೇ ಮುಖ ಬದಲಾಯಿತು. 'ಅಯ್ಯೋ, ಅದನ್ನ ಕೇಳ್ಬೇಡಿ. ಟಾರ್ಗೆಟ್ ಆಗ್ಲಿಲ್ಲ ಅಂದ್ರೆ ಸೂಪರ್‌ವೈಸರ್ ಬಂದು ಹಿಂದೆ ನಿಂತ್ಕೋತಾರೆ. ಎದೆ ಡವಡವ ಅನ್ನುತ್ತೆ.'

ಒಂದು ಪದ ತಪ್ಪಿದ್ದರೆ ನನ್ನ ಹಾಳೆಯಲ್ಲಿ ಅವರು ಆರಾಮಾಗಿದ್ದಾರೆ ಅಂತಲೇ ದಾಖಲಾಗುತ್ತಿತ್ತು.

ಆ ಪ್ರಶ್ನೆ ಬಂದಿದ್ದು ಮನಶ್ಶಾಸ್ತ್ರಜ್ಞ ಷೆಲ್ಡನ್ ಕೊಹೆನ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದ, ಒತ್ತಡ ಅಳೆಯೋ ಪ್ರಶ್ನೆಪಟ್ಟಿಯಿಂದ. ಮೊದಲು ಅದರಲ್ಲಿ 14 ಪ್ರಶ್ನೆ ಇದ್ದವು, ಈಗ ಜಾಸ್ತಿ ಬಳಸೋದು 10 ಪ್ರಶ್ನೆಯದ್ದು. ಪ್ರತಿ ಉತ್ತರಕ್ಕೆ 0ಯಿಂದ 4 ಅಂಕ, ಒಟ್ಟು 40. ಸುಲಭವಾಗಿದೆ, ಬೇಗ ಮುಗಿಯುತ್ತೆ. ಆದರೆ ಅದು ಮನುಷ್ಯರಿಗೆ ಏನನ್ನಿಸುತ್ತೆ ಅಂತ ಮಾತ್ರ ಹೇಳುತ್ತೆ. ಕೆಲಸ ಹೇಗಿದೆ ಅಂತ ಹೇಳೋದಿಲ್ಲ. ಅಂಕ ಜಾಸ್ತಿ ಬಂದರೆ 'ಯೋಗ ಹೇಳಿಕೊಡಿ' ಅಂತಾರೆ. ಯೋಗ ಒಳ್ಳೇದೇ. ಸೋಮವಾರದ ಟಾರ್ಗೆಟ್ ಮಾತ್ರ ಅಷ್ಟೇ ಇರುತ್ತೆ, ಅಲ್ವಾ?

ಅದಕ್ಕೇ ನನಗೆ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟ ವಿಚಾರ ಮುಖ್ಯ ಅನ್ನಿಸುತ್ತೆ. ಅವರು ಎರಡು ವಿಷಯ ನೋಡಿದರು: ಕೆಲಸದ ಹೊರೆ ಎಷ್ಟು, ಆ ಕೆಲಸದ ಮೇಲೆ ನಿಮ್ಮ ಮಾತು ಎಷ್ಟು ನಡೆಯುತ್ತೆ. ಹೊರೆ ಜಾಸ್ತಿ, ಮಾತು ನಡೆಯೋದು ಕಡಿಮೆ ಆದಾಗ ಮನಸ್ಸು ಹೆಚ್ಚು ಹಣ್ಣಾಗುತ್ತೆ. ಹೊಲಿಗೆ ಲೈನ್ ನೋಡಿ. ಒಬ್ಬರಿಗೆ ಬರೀ ಕಾಲರ್, ಇನ್ನೊಬ್ಬರಿಗೆ ಬರೀ ತೋಳು. ಹಿಂದಿನ ಮಷಿನಿಂದ ಪೀಸ್ ಬಂದು ರಾಶಿ ಬೀಳ್ತಾನೇ ಇರುತ್ತೆ. ಟಾಯ್ಲೆಟ್‌ಗೆ ಹೋಗೋಕೂ ಕೇಳಬೇಕು. ಅದಕ್ಕೆ ಆ ಅಕ್ಕ ನೀರೇ ಕುಡಿಯೋದಿಲ್ಲ. ಬೆಳಿಗ್ಗೆ ತುಂಬಿಸಿದ ಬಾಟಲಿ ಸಂಜೆ ಹಾಗೇ ಮನೆಗೆ ವಾಪಸ್ ಬರುತ್ತೆ. ಎಷ್ಟು ನೀರು ಕುಡಿದಿರಿ ಅನ್ನೋದೂ ನನ್ನ ಹಾಳೆಗೆ ಸೇರಬೇಕು ಅಂತ ಅವತ್ತು ಗೊತ್ತಾಯಿತು.

ದುಡಿಮೆಗೆ ತಕ್ಕ ಸಂಬಳ, ಮರ್ಯಾದೆ, ಭದ್ರತೆ ಸಿಗುತ್ತಾ ಅಂತ ಕೇಳೋ ಅಳತೆಯೂ ಇದೆ. 1996ರಲ್ಲಿ ಸಮಾಜಶಾಸ್ತ್ರಜ್ಞ ಯೋಹಾನ್ನೆಸ್ ಸೀಗ್ರಿಸ್ಟ್ ಬರೆದದ್ದು. ಭದ್ರತೆ ಎಷ್ಟು ಮುಖ್ಯ ಅನ್ನೋದಕ್ಕೆ 2016ರ ಏಪ್ರಿಲ್ ನೆನಪಿಸ್ಕೊಳ್ಳಿ. ಪಿಎಫ್‌ನಲ್ಲಿ ಕಂಪನಿ ಹಾಕಿದ ಪಾಲನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅನ್ನೋ ನಿಯಮ ಬಂದಿತ್ತು. ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಸರ್ಕಾರ ನಿಯಮ ವಾಪಸ್ ತಗೊಂಡಿತು. ಮಕ್ಕಳ ಫೀಸು, ಊರಿನ ಸಾಲ, ಎಲ್ಲಕ್ಕೂ ಕಷ್ಟಕಾಲದಲ್ಲಿ ಆಗೋದು ಆ ದುಡ್ಡೇ.

'ಇಷ್ಟೆಲ್ಲ ಯಾಕೆ, ಎಂಜಲು ಪರೀಕ್ಷೆ ಮಾಡಿ' ಅಂತಾರೆ ಕೆಲವರು. ಎಂಜಲಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡ ಆದಾಗ ಮೈಯಲ್ಲಿ ಹೆಚ್ಚಾಗೋ ಹಾರ್ಮೋನ್, ಸಿಗೋದು ನಿಜ. ಅದು ಎದ್ದ ಸ್ವಲ್ಪ ಹೊತ್ತಿಗೆ ಏರುತ್ತೆ, ರಾತ್ರಿ ಹೊತ್ತಿಗೆ ಇಳಿಯುತ್ತೆ. ಎಷ್ಟು ಗಂಟೆಗೆ ಎದ್ದರು, ಯಾವ ಶಿಫ್ಟ್ ಅಂತ ಬರೆದುಕೊಳ್ಳದೆ ಒಂದು ಸಲ ತೆಗೆದರೆ ಏನೂ ತಿಳಿಯೋದಿಲ್ಲ.

ಕೇಳೋ ಜಾಗವೂ ಮುಖ್ಯ. ಫ್ಯಾಕ್ಟರಿ ಒಳಗೆ, ಬಾಗಿಲಲ್ಲಿ ಸೂಪರ್‌ವೈಸರ್ ನಿಂತಿರುವಾಗ ಕೇಳಿದರೆ ಎಲ್ಲರೂ 'ಇಲ್ಲ' ಅಂತಲೇ ಟಿಕ್ ಹಾಕ್ತಾರೆ. ಆ ಸೊನ್ನೆಗಳನ್ನು ನಾನು ನಂಬೋದಿಲ್ಲ. ಮನೆಗೇ ಹೋಗಿ, ಹೆಸರು ಬರೆದುಕೊಳ್ಳದೆ ಕೇಳಬೇಕು.

ಹೊರಡುವಾಗ ಆ ಅಕ್ಕ ಕೇಳಿದರು, 'ಇದನ್ನ ಬರ್ಕೊಂಡು ಹೋಗಿ ಯಾರಿಗೆ ತೋರಿಸ್ತೀರ?' 'ಮೊದಲು ನಿಮಗೇ ತಂದು ತೋರಿಸ್ತೀನಿ ಅಕ್ಕ' ಅಂದೆ. ಬರೋ ಭಾನುವಾರ ಅದೇ ಮನೆಗೆ ಹೋಗಬೇಕು.