ಗುದ್ದಲಿ ಏಟಿಗೆ ಕೇಬಲ್ ತುಂಡಾಯಿತು, ಬಿಲ್ ಯಾರ ತಲೆಗೆ?

[ದೃಶ್ಯ: ಅರ್ಧ ತೋಡಿದ ಗುಂಡಿ. ಮಣ್ಣಿನಲ್ಲಿ ತುಂಡಾದ ಕಪ್ಪು ಕೇಬಲ್.]

ಬೇಲಿ ಕಂಬ ನೆಡೋಣ ಅಂತ ಅಂಗಳದಲ್ಲಿ ಗುಂಡಿ ತೋಡುತ್ತಿದ್ದೀರಿ. ಗುದ್ದಲಿಗೆ ಏನೋ ಅಡ್ಡ ಸಿಕ್ಕಿತು. ಬೇರು ಇರಬೇಕು ಅಂತ ಇನ್ನೊಂದು ಏಟು ಹಾಕಿದಿರಿ. ಮನೆಯೊಳಗಿಂದ ಕೂಗು: "ಇಂಟರ್ನೆಟ್ ಹೋಯ್ತು!"

ಕಂಪನಿಯವರು ಬಂದು ಸರಿ ಮಾಡುತ್ತಾರೆ. ಕೆಲವು ದಿನಕ್ಕೆ ಬಿಲ್ ಬರುತ್ತದೆ. ನನ್ನ ಜಾಗದಲ್ಲಿ ನಾನು ಅಗೆದರೆ ದುಡ್ಡು ಯಾಕೆ ಕೊಡಬೇಕು ಅನ್ನಿಸುತ್ತದೆ, ಅಲ್ವಾ?

ಜಾಗ ನಿಮ್ಮದೇ. ಅದರೊಳಗಿನ ಕೇಬಲ್ ನಿಮ್ಮದಲ್ಲದೆ ಇರಬಹುದು. ಸಾಮಾನ್ಯವಾಗಿ ಮೀಟರ್‌ವರೆಗಿನ ಕರೆಂಟ್ ಲೈನು, ಗೋಡೆಯ ಮೇಲಿನ ಪೆಟ್ಟಿಗೆವರೆಗಿನ ಫೋನ್ ಅಥವಾ ಫೈಬರ್ ಲೈನು ಕಂಪನಿಯದು. ಕೆಲವು ಕಡೆ ಈ ಗಡಿ ಬೇರೆ ಇರುತ್ತದೆ, ಹಾಗಾಗಿ ಸಂಪರ್ಕ ಪಡೆದಾಗಿನ ಕರಾರು ಒಮ್ಮೆ ತೆಗೆದು ನೋಡಿ. ಅಲ್ಲಿಂದ ಮುಂದಿನದು, ಅಂದರೆ ಪಂಪಿನ ವೈರು, ಗೇಟಿನ ದೀಪದ ವೈರು, ನಿಮ್ಮದು. ಅದು ಕತ್ತರಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ, ಮುಗಿಯಿತು.

ಕಂಪನಿಯ ಕೇಬಲ್ ಆಗಿದ್ದರೆ? "ಬೇಕಂತ ಮಾಡಿದ್ದಲ್ಲ" ಅಂದರೆ ಸಾಲುವುದಿಲ್ಲ. ಕೈತಪ್ಪಿ ಆಗಿದ್ದು ಅನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಅಗೆಯುವ ಮೊದಲು ನೀವು ಏನು ವಿಚಾರಿಸಿದಿರಿ ಅನ್ನುವುದೇ ಪ್ರಶ್ನೆ.

[ದೃಶ್ಯ: ಹುಲ್ಲಿನ ಮೇಲೆ ಬಣ್ಣದ ಗೆರೆಗಳು.]

ಅಮೆರಿಕದಲ್ಲಿ 811ಕ್ಕೆ ಫೋನ್ ಮಾಡಿದರೆ ಕಂಪನಿಗಳ ಕಡೆಯವರು ಪುಕ್ಕಟೆಯಾಗಿ ಬಂದು, ಕೆಳಗೆ ಲೈನು ಎಲ್ಲಿದೆ ಅಂತ ನೆಲದ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ. ಕೆಂಪು ಕರೆಂಟಿಗೆ, ಕಿತ್ತಳೆ ಫೋನ್–ಇಂಟರ್ನೆಟ್‌ಗೆ, ಹಳದಿ ಗ್ಯಾಸಿಗೆ, ನೀಲಿ ಕುಡಿಯುವ ನೀರಿಗೆ. ಭಾರತದಲ್ಲಿ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಂತು. ಅಗೆಯುವವರು ಆ ಜಾಗದಲ್ಲಿ ಕೇಬಲ್, ಪೈಪು ಇರುವ ಕಂಪನಿಗಳಿಗೆ ಮೊದಲೇ ಸುದ್ದಿ ಮುಟ್ಟಿಸಲಿ ಅಂತ. ಇಂಥ ವ್ಯವಸ್ಥೆಯೇ ಇಲ್ಲದ ಕಡೆ ಕಂಪನಿಗೆ ಒಂದು ಇಮೇಲ್ ಹಾಕಿ. ಫೋನಿಗಿಂತ ಇಮೇಲ್ ವಾಸಿ, ದಾಖಲೆ ಉಳಿಯುತ್ತದೆ.

ಕೇಳದೆ ಅಗೆದು ಕತ್ತರಿಸಿದರೆ ಬಿಲ್ ಹೆಚ್ಚಾಗಿ ನಿಮ್ಮ ತಲೆಗೇ. ಕೇಳಿದಿರಿ, ಅವರು ಗುರುತು ಹಾಕಿದರು, ಕೇಬಲ್ ಮಾತ್ರ ಗುರುತಿನಿಂದ ಎಷ್ಟೋ ದೂರದಲ್ಲಿ ಸಿಕ್ಕಿತು ಅಂದರೆ ನಿಮ್ಮ ವಾದ ಗಟ್ಟಿ. ಆದರೆ ಗೆರೆ ಅಂದರೆ ಅಂದಾಜು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಗುರುತಿನ ಎರಡೂ ಬದಿ 18ರಿಂದ 24 ಇಂಚು ಜಾಗದಲ್ಲಿ ಮೆಲ್ಲಗೆ, ಕೈಯಿಂದಲೇ ಅಗೆಯಬೇಕು. ಅಲ್ಲಿ ಯಂತ್ರ ಇಳಿಸಿದರೆ ತಪ್ಪು ಮತ್ತೆ ನಿಮ್ಮದೇ. ಬಣ್ಣ ಆಳವನ್ನೂ ಹೇಳುವುದಿಲ್ಲ.

ಆಳದ ವಿಷಯ ಬಂದಾಗ ಸ್ವಲ್ಪ ನಿಲ್ಲಬೇಕು. ಮನೆಗೆ ಬರುವ ಇಂಟರ್ನೆಟ್ ಕೇಬಲ್ಲನ್ನು ಎಷ್ಟೋ ಸಲ ಹುಲ್ಲಿನ ಕೆಳಗೆ ನಾಲ್ಕೈದು ಇಂಚಿನಲ್ಲೇ ಹಾಕಿ ಹೋಗಿರುತ್ತಾರೆ. ಗುಲಾಬಿ ಗಿಡ ನೆಟ್ಟರೂ ಸಾಕು, ತುಂಡಾಗುತ್ತದೆ. ಅಲ್ಲಿನ ನಿಯಮಕ್ಕಿಂತ ಮೇಲೆ ಹೂತಿದ್ದರೆ ಅದು ಅವರ ಲೋಪ. "ಆಮೇಲೆ ನೀವೇ ಮಣ್ಣು ತೆಗೆದಿದ್ದೀರಿ" ಅಂತ ಅವರು ಹೇಳಬಹುದು. ಅದಕ್ಕೇ ಗುಂಡಿ ಮುಚ್ಚುವ ಮೊದಲು ಅಳತೆ ಟೇಪು ಇಳಿಬಿಟ್ಟು ಫೋಟೋ ತೆಗೆಯಿರಿ. ಸುತ್ತಲಿನ ನೆಲವೂ ಕಾಣಲಿ. ಮುಚ್ಚಿದ ಮೇಲೆ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಇದೆಲ್ಲ ಇಂಟರ್ನೆಟ್ ಕೇಬಲ್ ಆದರೆ. ಕರೆಂಟ್ ಕೇಬಲ್ ಅಂತ ಅನುಮಾನ ಬಂದರೂ ಸಾಕು, ಫೋಟೋ ಗೀಟೋ ಬಿಡಿ, ಗುದ್ದಲಿ ಮುಟ್ಟದೆ ದೂರ ಸರಿಯಿರಿ. ಯಾರನ್ನೂ ಹತ್ತಿರ ಬಿಡಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಮನೆಯವರನ್ನೆಲ್ಲ ದೂರ ಕರೆದುಕೊಂಡು ಹೋಗಿ, ಅಲ್ಲಿಂದ ಫೋನ್ ಮಾಡಿ.

ಕೆಲಸದವರು ಅಗೆದಿದ್ದರೆ? ಸಾಮಾನ್ಯವಾಗಿ ಹೊಣೆ ಗುತ್ತಿಗೆದಾರನದು. ಕೇಬಲ್ ಇರುವುದು ಗೊತ್ತಿದ್ದೂ ನೀವು ಹೇಳದೆ ಇದ್ದರೆ ಮಾತು ಬೇರೆ.

[ದೃಶ್ಯ: ಬಿಲ್ಲಿನ ಮೇಲೆ ಪೆನ್ನು.]

ಬಿಲ್ ಬಂತು ಅಂತ ತಕ್ಷಣ ಕಟ್ಟಬೇಡಿ. "ತಪ್ಪು ನನ್ನದೇ" ಅಂತ ಬರೆದ ಕಾಗದಕ್ಕೆ ಸಹಿಯೂ ಬೇಡ. ಕೂಲಿ ಎಷ್ಟು, ಸಾಮಾನು ಎಷ್ಟು, ಬಿಡಿಬಿಡಿಯಾಗಿ ಕೇಳಿ. ಒಂದು ಜಾಯಿಂಟ್ ಹಾಕಿದ್ದರೆ ಸಾಕಾಗುತ್ತಿತ್ತು, ಹಳೇ ಲೈನು ಪೂರ್ತಿ ಕಿತ್ತು ಹೊಸದು ಹಾಕಿದ್ದಾರೆ ಅಂದರೆ ಆ ಖರ್ಚೆಲ್ಲ ನಿಮ್ಮದೇ ಯಾಕೆ ಅಂತ ಪ್ರಶ್ನಿಸಬಹುದು. ಮನೆ ವಿಮೆಯಲ್ಲಿ ಬೇರೆಯವರ ಆಸ್ತಿಗೆ ಆದ ಹಾನಿಯ ಭಾಗ ಇದೆಯಾ ಅಂತಲೂ ನೋಡಿ.

ಇನ್ನೊಂದು ಆಸೆ ಹುಟ್ಟುತ್ತದೆ. ಕೇಬಲ್ಲಿನ ಸಿಪ್ಪೆ ಮಾತ್ರ ಸುಲಿದಿದೆ, ಸುಮ್ನೆ ಟೇಪ್ ಸುತ್ತಿ ಮಣ್ಣು ಮುಚ್ಚಿಬಿಡೋಣ ಅಂತ. ಬೇಡ. ಒಳಗೆ ನೀರು ಇಳಿಯುತ್ತದೆ, ತಾಮ್ರ ಹಸಿರುಗಟ್ಟುತ್ತದೆ, ತಿಂಗಳುಗಟ್ಟಲೆ ಆದ ಮೇಲೆ ಲೈನು ಸಾಯುತ್ತದೆ. ಆಗ ಕಂಪನಿಯವರು ಅಗೆದರೆ ಮೊದಲು ಕೈಗೆ ಸಿಗುವುದು ನಿಮ್ಮ ಟೇಪೇ.