ತಲೆ ನೋಡಿ ಟೋಪಿ ತನ್ನಿ

ಎಲ್ಲರಿಗೂ ನಮಸ್ಕಾರ. ಆಪರೇಷನ್ ಥಿಯೇಟರಿನಲ್ಲಿ, ಔಷಧ ಕಾರ್ಖಾನೆಯಲ್ಲಿ ತಲೆಗೆ ಹಾಕಿಕೊಂಡು ಕೆಲಸ ಮುಗಿದ ಮೇಲೆ ಎಸೆಯುವ ತೆಳ್ಳನೆ ಟೋಪಿ ಇದೆಯಲ್ಲ, ಅದೇ ನೀಲಿ, ಹಸಿರು, ಬಿಳಿ ಬಣ್ಣದ್ದು, ಅದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಟೋಪಿ ಬಗ್ಗೆ ಭಾಷಣ ಮಾಡುವುದಕ್ಕೆ ಏನಿದೆ ಅಂತ ನಮ್ಮ ಮನೆಯಲ್ಲೇ ನಕ್ಕರು. ನಗಲಿ ಬಿಡಿ.

ನಾನು ಮೊದಲು ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಈಗ ಕ್ಲೀನ್‌ರೂಮಿಗೆ, ಅಂದರೆ ಗಾಳಿಯಲ್ಲಿ ಧೂಳಿನ ಕಣ ತೀರಾ ಕಡಿಮೆ ಇರುವಂತೆ ನೋಡಿಕೊಳ್ಳುವ ಕೋಣೆಗೆ, ಹೋಗುವವರಿಗೆ ಟೋಪಿ, ಮಾಸ್ಕ್, ನಿಲುವಂಗಿ ಹಾಕಿಕೊಳ್ಳುವುದನ್ನು ಕಲಿಸುತ್ತೇನೆ. ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತಿರುವವರಲ್ಲಿ ತಾಲ್ಲೂಕಿನ ನರ್ಸಿಂಗ್ ಹೋಮ್‌ನಲ್ಲಿ ಸ್ಟೋರ್ ನೋಡಿಕೊಳ್ಳುವವರು ಇರಬಹುದು. ಪೀಣ್ಯದಲ್ಲೋ ಜಿಗಣಿಯಲ್ಲೋ ಸಣ್ಣ ಘಟಕಕ್ಕೆ ಪರ್ಚೇಸ್ ಆರ್ಡರ್ ಬರೆಯುವವರೂ ಇರಬಹುದು. ನಿಮಗೇ ಹೇಳುತ್ತಿದ್ದೇನೆ. ನೀವು ಟೋಪಿ ಮಾರುವವನಿಗೆ ಮೊದಲು ಕೇಳುವುದು ನೂರರ ಪ್ಯಾಕ್ ಎಷ್ಟು ಅಂತ. ಆಮೇಲೆ ಎಷ್ಟು ಜಿಎಸ್‌ಎಂ, ಅಂದರೆ ಹಾಳೆಯ ತೂಕ ಎಷ್ಟು ಅಂತ. ಅಲ್ವಾ? ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ಒಂದಿದೆ. ಇದು ಯಾರ ತಲೆಗೆ? ಅಳತೆ ಮೊದಲು, ಉಳಿದದ್ದೆಲ್ಲ ಆಮೇಲೆ. ಇದನ್ನೇ ಇವತ್ತು ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಲೆಯಿಂದ ಕೂದಲು ಉದುರುವುದು ಎಲ್ಲರಿಗೂ ಕಾಣುತ್ತದೆ. ಕಾಣದೆ ಉದುರುವುದು ನೆತ್ತಿಯ ಚರ್ಮದ ಪುಡಿ. ಒಂದು ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕ್ಲೀನ್‌ರೂಮಿನಲ್ಲಿ ಎಣಿಸುವುದು ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳನ್ನು. ಗಾಳಿಯ ಶುದ್ಧತೆಗೆ ಐಎಸ್‌ಒ ಅನ್ನುವ ಅಂತಾರಾಷ್ಟ್ರೀಯ ದರ್ಜೆಗಳಿವೆ; ಇಂಜೆಕ್ಷನ್ ತುಂಬುವ ಜಾಗದಂಥ ಐಎಸ್‌ಒ 5 ದರ್ಜೆಯಲ್ಲಿ ಒಂದು ಘನ ಮೀಟರ್ ಗಾಳಿಗೆ ಅಂಥ ಕಣಗಳು 3,520ಕ್ಕಿಂತ ಜಾಸ್ತಿ ಇರಬಾರದು. ಅಲ್ಲಿ ಒಂದು ಕೂದಲು ಬಿತ್ತು ಅಂದರೆ ಅದು ಕಣ ಅಲ್ಲ, ಮರದ ದಿಮ್ಮಿ.

ಆಸ್ಪತ್ರೆಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ಭಯ ಆ ಪುಡಿಯ ಮೇಲೆ ಕೂತು ಬರುವ ಸೂಕ್ಷ್ಮಾಣುಗಳದ್ದು. ಅಮೆರಿಕದ ಒಂದು ಪ್ರಕರಣ 1990ರಲ್ಲಿ ವೈದ್ಯ ಪತ್ರಿಕೆಯಲ್ಲಿ ಬಂತು. 40 ತಿಂಗಳಲ್ಲಿ 20 ರೋಗಿಗಳ ಆಪರೇಷನ್ ಗಾಯಕ್ಕೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು. ಹುಡುಕಿ ಹುಡುಕಿ ಕೊನೆಗೆ ಅದು ಸಿಕ್ಕಿದ್ದು ಥಿಯೇಟರ್ ಟೆಕ್ನಿಷಿಯನ್ ಒಬ್ಬರ ನೆತ್ತಿಯಲ್ಲಿ. ಟೋಪಿ ಯಾಕೆ ಅಂತ ಹೊಸ ಹುಡುಗರು ಕೇಳಿದಾಗೆಲ್ಲ ನಾನು ಇದನ್ನೇ ಹೇಳುವುದು.

ಈಗ ನಮ್ಮ ಕಡೆಯ ಒಂದು ಸಂಗತಿ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಕೇಳಿ.

ಬೆಂಗಳೂರಿನ ಹೊರಗೆ ಒಂದು ಮಾತ್ರೆ ಕಾರ್ಖಾನೆ. ಹೆಸರು ಬೇಡ. ಅವರಿಗೆ ಒಂದು ದೂರು ಬಂತು. ಮಾತ್ರೆಯ ಸ್ಟ್ರಿಪ್ಪಿನಲ್ಲಿ, ಬೆಳ್ಳಿ ಹಾಳೆಯ ಕೆಳಗೆ, ಒಂದು ಉದ್ದ ಕೂದಲು. ಒಂದು ಮಾತ್ರೆಯ ಗುಳಿಯಿಂದ ಪಕ್ಕದ ಗುಳಿಗೆ ಹಾದುಹೋಗಿ, ನಡುವೆ ಹಾಳೆಯ ಜೊತೆ ಬಿಸಿಯಲ್ಲಿ ಅಂಟಿಕೊಂಡುಬಿಟ್ಟಿತ್ತು. ಆ ಸ್ಟ್ರಿಪ್ಪನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಸರಿ, ಗದ್ದಲ ಶುರುವಾಯಿತು. ಗಾಳಿಯ ಫಿಲ್ಟರ್ ಬಿಚ್ಚಿದರು. ಮೆಷಿನ್ ತೊಳೆದರು. ಹಾಳೆ ಕೊಟ್ಟವನಿಗೆ ಪತ್ರ ಬರೆದರು. ಕೊನೆಗೆ ಮ್ಯಾನೇಜರ್ ಒಂದು ಉಪಾಯ ಹೇಳಿದರು, ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. "ಮೇಡಂ, ಇನ್ನು ಮೇಲೆ ಪ್ಯಾಕಿಂಗಿಗೆ ಉದ್ದ ಕೂದಲಿನ ಹುಡುಗಿಯರನ್ನು ತಗೊಳ್ಳೋದೇ ಬೇಡ."

ನಾನು ಏನೂ ಹೇಳಲಿಲ್ಲ. ಮಾರನೇ ದಿನ ಬೆಳಗಿನ ಪಾಳಿಗೆ ಹೋಗಿ ಚೇಂಜ್ ರೂಮಿನಲ್ಲಿ ಸುಮ್ನೆ ನಿಂತುಕೊಂಡೆ. ಕಂಪನಿ ಬಸ್ಸಿನಿಂದ ಇಳಿದು ಹೆಣ್ಣುಮಕ್ಕಳು ಬಂದರು. ಎಲ್ಲ ಸುತ್ತಮುತ್ತಲಿನ ಹಳ್ಳಿಯವರು. ಮುಡಿದ ಹೂವನ್ನು ತೆಗೆದು ಲಾಕರಿನಲ್ಲಿ ಇಟ್ಟರು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಗಳು, ಕೆಲವರದ್ದು ಸೊಂಟದವರೆಗೆ. ಜಡೆಯನ್ನು ಸುತ್ತಿ ನೆತ್ತಿಯ ಮೇಲೆ ತುರುಬು ಕಟ್ಟಿಕೊಂಡು, ಪೆಟ್ಟಿಗೆಯಿಂದ ಒಂದೊಂದು ಟೋಪಿ ತೆಗೆದುಕೊಂಡರು. ಟೋಪಿ ನೋಡಿದರೆ 18 ಇಂಚಿನದು! ಅಂದರೆ ಅಗಲಿಸಿ ಇಟ್ಟಾಗ ಈ ಕಡೆಯಿಂದ ಆ ಕಡೆಗೆ 18 ಇಂಚು. ಕ್ರಾಪ್ ಮಾಡಿಸಿದ ಗಂಡಸರಿಗೆ ಸಾಕು. ಅಷ್ಟು ದೊಡ್ಡ ತುರುಬಿನ ಮೇಲೆ ಅದನ್ನು ಎಳೆದರೆ ಎಲ್ಲಿಗೆ ಬರುತ್ತದೆ ಹೇಳಿ? ಮುಂದೆ ಹಣೆಗೆ ಬಂದರೆ ಹಿಂದೆ ಕುತ್ತಿಗೆ ಬಯಲು. ಹಿಂದೆ ಎಳೆದರೆ ಮುಂದೆ ಬೈತಲೆ ಬಯಲು. ಎಣ್ಣೆ ಕೂದಲಿನ ಮೇಲೆ ಎಲಾಸ್ಟಿಕ್ ನಿಲ್ಲುವುದೂ ಇಲ್ಲ, ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ.

ಅದಕ್ಕೆ ಅವರು ಏನು ಮಾಡಿದ್ದರು ಗೊತ್ತಾ? ಟೋಪಿಯ ಮೇಲಿಂದಲೇ ಹೇರ್‌ಪಿನ್ ಚುಚ್ಚಿದ್ದರು. ಒಬ್ಬಳ ಟೋಪಿಯನ್ನು ತೆಗೆಸಿ ಬೆಳಕಿಗೆ ಹಿಡಿದೆ. ಪಿನ್ ಚುಚ್ಚಿದ ಕಡೆಯೆಲ್ಲ ಬೇಳೆ ಹೋಗುವಷ್ಟು ತೂತು, ತೂತಿನಲ್ಲಿ ಕೂದಲಿನ ಕುಣಿಕೆ. "ಯಾಕಮ್ಮಾ ಪಿನ್?" ಅಂದೆ. "ಜಾರಿದ್ರೆ ಸೂಪರ್‌ವೈಸರ್ ಬೈತಾರೆ ಮೇಡಂ" ಅಂದಳು. ಅವಳ ತಪ್ಪೇನಿದೆ? ಸ್ಟೋರಿಗೆ ಹೋಗಿ ಕೇಳಿದೆ. "ಫ್ರೀ ಸೈಜ್ ಮೇಡಂ, ಎಲ್ಲರಿಗೂ ಆಗುತ್ತೆ" ಅಂದರು. ಫ್ರೀ ಸೈಜ್ ಅನ್ನುವ ತಲೆಯನ್ನು ನಾನಂತೂ ಇದುವರೆಗೆ ನೋಡಿಲ್ಲ.

24 ಇಂಚಿನ ಟೋಪಿ ತರಿಸಿದೆವು. ತುರುಬನ್ನು ನೆತ್ತಿಯಿಂದ ಕೆಳಗೆ, ಕುತ್ತಿಗೆಯ ಹತ್ತಿರ ಕಟ್ಟುವುದನ್ನು ಹೇಳಿಕೊಟ್ಟೆ. ಪಿನ್ನುಗಳನ್ನು ಚೇಂಜ್ ರೂಮಿನ ಬಾಗಿಲಲ್ಲೇ ಒಂದು ಡಬ್ಬಿಗೆ ಹಾಕಿಸಿದೆ. ಎಲಾಸ್ಟಿಕ್ ಮುಂದೆ ಹುಬ್ಬಿನ ಮೇಲೆ, ಪಕ್ಕದಲ್ಲಿ ಕಿವಿಯ ಮೇಲೆ, ಹಿಂದೆ ತುರುಬಿನ ಕೆಳಗೆ ಕೂತಿತು. ಪಾಳಿ ಮುಗಿಯುವವರೆಗೆ ಅಲ್ಲಾಡಲಿಲ್ಲ. 18ಕ್ಕೂ 24ಕ್ಕೂ ಒಂದು ಟೋಪಿಗೆ ಪೈಸೆ ಲೆಕ್ಕದ ವ್ಯತ್ಯಾಸ. ಅದನ್ನು ಉಳಿಸಲು ಹೋಗಿ ಫಿಲ್ಟರ್ ಬಿಚ್ಚಿದ್ದರು, ಪುಣ್ಯಾತ್ಮರು! ಹೆಣ್ಣುಮಕ್ಕಳ ಕೆಲಸಕ್ಕೇ ಕೈ ಹಾಕಿದ್ದರು. ಅದಕ್ಕೇ ಹೇಳುವುದು, ಅಳತೆ ಮೊದಲು. ಮೂರು ಅಳತೆ ಸಿಗುತ್ತವೆ: 18, 21, 24. ಮೂರನ್ನೂ ಇಟ್ಟುಕೊಳ್ಳಿ. ನಿಮ್ಮಲ್ಲಿ ಎಷ್ಟು ಜನಕ್ಕೆ ಉದ್ದ ಕೂದಲು ಅಂತ ಎಣಿಸಿ ಆರ್ಡರ್ ಹಾಕಿ.

ಗಾಜಿನ ಆಚೆಯಿಂದ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಈ ಟೋಪಿ ನೇಯ್ದ ಬಟ್ಟೆಯದ್ದಲ್ಲ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕರಗಿಸಿ, ಎಳೆ ತೆಗೆದು, ಹರಡಿ, ಬಿಸಿಯಲ್ಲಿ ಒತ್ತಿ ಮಾಡಿದ ಹಾಳೆ. ಎಳೆ ಉದ್ದಕ್ಕೆ ಇರುವುದರಿಂದ ಜುಂಗು ಕಡಿಮೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ ಅಂತ, ಅಷ್ಟೇ. 10 ತೀರಾ ತೆಳು, ಎಳೆದರೆ ಹರಿಯುತ್ತದೆ. 20ಕ್ಕೆ ಹೋದರೆ ಗಟ್ಟಿ, ಸೆಕೆ ಜಾಸ್ತಿ. ಮಾರುವವರು ಸ್ಯಾಂಪಲ್ ಕೊಟ್ಟರೆ ಕಪ್ಪು ಬಟ್ಟೆಯ ಮೇಲೆ ಚೆನ್ನಾಗಿ ಉಜ್ಜಿ ನೋಡಿ. ಬಿಳಿ ಜುಂಗು ಕಂಡರೆ ವಾಪಸ್ ಕೊಡಿ. ಎಲಾಸ್ಟಿಕ್ಕಿನಲ್ಲಿ ಲೇಟೆಕ್ಸ್, ಅಂದರೆ ರಬ್ಬರ್ ಮರದ ಹಾಲಿನ ರಬ್ಬರ್, ಇದೆಯಾ ಅಂತಲೂ ಕೇಳಿ, ಕೆಲವರಿಗೆ ಹಣೆ ಕೆಂಪಾಗಿ ತುರಿಕೆ ಬರುತ್ತದೆ.

ಥಿಯೇಟರಿನವರು ಕೇಳುತ್ತಾರೆ, ನಮಗೆ ಬಟ್ಟೆಯ ಟೋಪಿ ಸಾಕಾ ಅಂತ. ಈ ವಿಷಯಕ್ಕೆ ಅಮೆರಿಕದಲ್ಲಿ ಸರ್ಜನ್‌ಗಳಿಗೂ ನರ್ಸ್‌ಗಳ ಸಂಘಕ್ಕೂ ದೊಡ್ಡ ವಾದವೇ ನಡೆಯಿತು. 2017ರಲ್ಲಿ ಅಣಕು ಆಪರೇಷನ್ ಮಾಡಿ ಗಾಳಿ ಅಳೆದು ನೋಡಿದರೆ, ಒಗೆದು ಒಣಗಿಸಿದ ಬಟ್ಟೆಯ ಟೋಪಿಗಿಂತ ಬಫಂಟ್ ಅನ್ನುವ ಈ ಎಲಾಸ್ಟಿಕ್ ಅಂಚಿನ ಎಸೆಯುವ ಟೋಪಿ ಏನೂ ಮೇಲಲ್ಲ ಅಂತ ಬಂತು. ಎಸೆಯುವ ಟೋಪಿಯಲ್ಲೇ ರಂಧ್ರ ದೊಡ್ಡದು. ಹಾಗಾಗಿ ಥಿಯೇಟರಿನಲ್ಲಿ ಕೂದಲು ಪೂರ್ತಿ ಮುಚ್ಚುವ, ದಿನಾ ಒಗೆಯುವ ಬಟ್ಟೆಯ ಟೋಪಿ ಆಗುತ್ತದೆ, ಧಾರಾಳವಾಗಿ ಹಾಕಿ. ಕ್ಲೀನ್‌ರೂಮಿಗೆ ಮಾತ್ರ ಹತ್ತಿ ಬಟ್ಟೆ ಬೇಡವೇ ಬೇಡ, ಜುಂಗು ಉದುರುತ್ತದೆ. ಇಂಜೆಕ್ಷನ್ ತುಂಬುವ ಜಾಗಕ್ಕೆ ಬರೀ ಟೋಪಿ ಸಾಲದು. ಒಳಗೆ ಟೋಪಿ, ಅದರ ಮೇಲೆ ತಲೆಯನ್ನೂ ಕುತ್ತಿಗೆಯನ್ನೂ ಮುಚ್ಚುವ ಸ್ಟೆರೈಲ್ ಹುಡ್, ಅಂದರೆ ಸೂಕ್ಷ್ಮಾಣು ಇಲ್ಲದಂತೆ ಮಾಡಿದ ಮುಸುಕು. ಹುಡ್ಡಿನ ಅಂಚು ನಿಲುವಂಗಿಯ ಕಾಲರಿನ ಒಳಗೆ ಹೋಗಿರಬೇಕು. ಸ್ಕಾರ್ಫ್ ಹಾಕುವವರಿಗೆ, ಪಗಡಿಯವರಿಗೆ ಬೇರೆ ಕಡೆಯಲ್ಲೂ ಹುಡ್ಡೇ ಕೊಡಿ, ಟೋಪಿ ಕೊಟ್ಟು ಒದ್ದಾಡಿಸಬೇಡಿ.

ಹಾಕಿಕೊಳ್ಳುವುದು ಮೇಲಿಂದ ಕೆಳಕ್ಕೆ. ಟೋಪಿ ಮೊದಲು, ಮಾಸ್ಕ್ ಆಮೇಲೆ. ಮಾಸ್ಕ್ ಕಟ್ಟಿದ ಮೇಲೆ ಟೋಪಿ ಎಳೆದರೆ ಕೂದಲು ಮಾಸ್ಕಿನ ದಾರಕ್ಕೆ ಸಿಕ್ಕಿ ಹೊರಗೆ ಬರುತ್ತದೆ. ಊಟಕ್ಕೆ ಹೊರಗೆ ಬಂದರೆ ಟೋಪಿ ಬಿಸಾಕಿ, ಒಳಗೆ ಹೋಗುವಾಗ ಹೊಸದು. ಅದನ್ನೇ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಕ್ಯಾಂಟೀನಿನಲ್ಲಿ ಕೂರುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಆಸ್ಪತ್ರೆಯಲ್ಲಿ ಬಳಸಿದ್ದು ವೈದ್ಯಕೀಯ ಕಸದ ಹಳದಿ ಚೀಲಕ್ಕೆ. ಒಗೆದು ಮತ್ತೆ ಹಾಕುತ್ತೇವೆ ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಕೊನೆಗೆ ಗಂಡಸರ ಸುದ್ದಿ. ಗಡ್ಡವೂ ಕೂದಲೇ ಸ್ವಾಮಿ. ಬಿಯರ್ಡ್ ಕವರ್ ಅಂತ ಬೇರೆ ಬರುತ್ತದೆ, ಕಿವಿಯಿಂದ ಕಿವಿಗೆ ಗಲ್ಲ ಮುಚ್ಚುವಂಥದ್ದು. ನವೆಂಬರ್ ಮಧ್ಯದಿಂದ ಜನವರಿವರೆಗೆ ಅಯ್ಯಪ್ಪನ ಮಾಲೆ ಹಾಕಿದವರು ಗಡ್ಡ ತೆಗೆಯುವುದಿಲ್ಲ, ಗೊತ್ತಿರುವುದೇ ತಾನೇ. ಆದರೂ ಪ್ರತಿ ವರ್ಷ ಡಿಸೆಂಬರಿನಲ್ಲಿ ಸ್ಟೋರಿನವರು "ಮೇಡಂ, ಗಡ್ಡದ ಕವರ್ ಖಾಲಿ" ಅಂತ ಫೋನ್ ಮಾಡುತ್ತಾರೆ. ಅಕ್ಟೋಬರಿನಲ್ಲೇ ಆರ್ಡರ್ ಹಾಕಿ. ಹಾಕುವಾಗ ಅಳತೆ ನೋಡಿ. ನಮಸ್ಕಾರ.